ಅಂಗಾತ ನಿದ್ರೆ, ಬೋರಲು ಆಟ



ಗದಗ ಜಿಲ್ಲೆಯ ಹಳ್ಳಿಯೊಂದರಿಂದ ಹಿರಿಯ ಗೃಹಿಣಿಯೊಬ್ಬರು ಬರೆಸಿ ಕಳುಹಿಸಿರುವ ಓಲೆ ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದೆ. ಅವರ ಕಿರಿಯ ಮಗನ ಕೂಸಿಗೆ ಈಗ ಐದೂವರೆ ತಿಂಗಳು. ಚೆನ್ನಾಗಿ ಹಾಲು ಕುಡಿಯುತ್ತದೆ, ನಗುತ್ತದೆ, ಕರೆದತ್ತ ಕತ್ತು ಹೊರಳಿಸುತ್ತದೆ. ಆದರೆ ಇನ್ನೂ ಬೋರಲು ಬಿದ್ದಿಲ್ಲ. ಹಿರಿಯ ಮಗನ ಕೂಸು ಇದೇ ವಯಸ್ಸಿಗೆ ಬೋರಲು ಬಿದ್ದು ತೆವಳಲು ತೊಡಗಿತ್ತಂತೆ. ಆ ಕೂಸನ್ನು ಅವರು ಮೊದಲಿನಿಂದಲೂ ಬೋರಲು ಹಾಕಿ ನಿದ್ದೆ ಮಾಡಿಸುತ್ತಿದ್ದರು. ಈ ಕೂಸನ್ನು ಕಿರಿಯ ಸೊಸೆ ವೈದ್ಯರ ಮಾತಿನಂತೆ ಅಂಗಾತವೇ ಮಲಗಿಸುತ್ತಾಳೆ. ಸೊಸೆಯ ಓದು ಹೆಚ್ಚಾಯಿತು, ಅದರಿಂದಲೇ ಕೂಸು ಹಿಂದೆ ಬಿತ್ತು ಎಂದು ಮನೆಯಲ್ಲಿ ಮಾತು ಬೆಳೆದಿದೆ. ಕಳೆದ ಎಂಟು ದಿನಗಳಿಂದ, ಸೊಸೆಗೆ ನಿದ್ದೆ ಹತ್ತಿದ ಮೇಲೆ, ಅಜ್ಜಿಯೇ ಎದ್ದು ಕೂಸನ್ನು ಬೋರಲು ತಿರುವಿ ಮಲಗಿಸುತ್ತಿದ್ದಾರೆ. ಇದು ಸರಿಯೋ ತಪ್ಪೋ ತಿಳಿಸಿರಿ ಎಂಬುದು ಓಲೆಯ ಕೊನೆಯ ಮಾತು.

ತಾಯಿಯವರೇ, ರಾತ್ರಿ ಬೋರಲು ಮಲಗಿಸುವುದನ್ನು ಇಂದಿನಿಂದಲೇ ನಿಲ್ಲಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಾರಣವನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ಆದರೆ ಅದಕ್ಕೂ ಮೊದಲು ಒಂದು ಮಾತನ್ನು ಒಪ್ಪಲೇಬೇಕು. ಬೋರಲು ಮಲಗಿದ ಕೂಸು ಬೇಗ ಮಗುಚಿಕೊಂಡಿತು, ಅಂಗಾತ ಮಲಗಿದ ಕೂಸು ತಡಮಾಡಿತು ಎಂದು ನೀವು ಕಂಡುಕೊಂಡದ್ದು ಬರಿಯ ಭ್ರಮೆಯಲ್ಲ. ಇದನ್ನು ವೈದ್ಯಲೋಕವೂ ಅಳೆದು ನೋಡಿದೆ.

ಅಮೇರಿಕದ ವಾಷಿಂಗ್‌ಟನ್ ನಗರದ ಶಿಶುತಜ್ಞರು ೩೫೧ ಆರೋಗ್ಯವಂತ ಶಿಶುಗಳ ಮೇಲೆ ನಡೆಸಿದ ಅಧ್ಯಯನವೊಂದು ೧೯೯೮ರಲ್ಲಿ ಪ್ರಕಟವಾಯಿತು. ಕೂಸು ಯಾವ ಭಂಗಿಯಲ್ಲಿ ಮಲಗಿತು, ಯಾವ ದಿನ ಮಗುಚಿತು, ಯಾವಾಗ ಕುಳಿತಿತು, ಯಾವಾಗ ನಡೆಯಿತು ಎಂಬುದನ್ನು ತಂದೆತಾಯಿಗಳೇ ಬರೆದಿಡುತ್ತ ಬಂದರು. ಬೋರಲು ಮಲಗುತ್ತಿದ್ದ ಶಿಶುಗಳು ಮಗುಚುವುದು, ಕೈಯೂರಿ ಕೂಡುವುದು, ತೆವಳುವುದು, ಅಂಬೆಗಾಲಿಕ್ಕುವುದು, ಹಿಡಿದುಕೊಂಡು ಎದ್ದು ನಿಲ್ಲುವುದು, ಇವೆಲ್ಲವನ್ನೂ ಸ್ವಲ್ಪ ಮೊದಲೇ ಸಾಧಿಸಿದವು. ಆದರೆ ನಡೆಯುವ ಹೊತ್ತಿಗೆ ಎರಡು ಗುಂಪುಗಳೂ ಒಂದೇ ಸಾಲಿಗೆ ಬಂದು ನಿಂತಿದ್ದವು! ಅಂಗಾತ ಮಲಗಿದ ಶಿಶುಗಳು ತಡಮಾಡಿದವೆಂದರೂ ಆ ತಡ ಸಹಜವಾದ ವಯೋಮಿತಿಯ ಒಳಗೇ ಇತ್ತು. ಅದೇ ವರ್ಷ ಇಂಗ್ಲೆಂಡಿನ ಏವನ್ ಪ್ರಾಂತದ ಮಕ್ಕಳನ್ನು ಕುರಿತು ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನವೂ ಇದನ್ನೇ ಹೇಳಿತು. ಆರು ತಿಂಗಳಿನಲ್ಲಿ ಕಂಡ ಅಂತರ ಒಂದೂವರೆ ವರ್ಷದ ಹೊತ್ತಿಗೆ ಉಳಿದಿರಲಿಲ್ಲ.

ಅಂತರವೇಕೆ ಬರುತ್ತದೆ ಎಂಬುದು ತಾಯಂದಿರಿಗೆ ಸುಲಭವಾಗಿ ತಿಳಿಯುವ ಸಂಗತಿ. ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲುಭಾಗದಷ್ಟು ತಲೆಯೇ ಇರುತ್ತದೆ. ಆ ಭಾರವನ್ನು ಎತ್ತಿ ಹಿಡಿಯುವುದೇ ಅದರ ಮೊದಲ ಕಾಯಕ. ಮೈಮೇಲಿನ ಹಿಡಿತವು ತಲೆಯಿಂದ ಕಾಲಿನ ಕಡೆಗೆ ಇಳಿದುಬರುತ್ತದೆ. ಮೊದಲು ಕುತ್ತಿಗೆ ನಿಲ್ಲುತ್ತದೆ, ಆಮೇಲೆ ಹೆಗಲು ಮತ್ತು ತೋಳು, ಬಳಿಕ ಬೆನ್ನು ಮತ್ತು ಸೊಂಟ, ಕೊನೆಗೆ ಕಾಲು. ಬೋರಲು ಬಿದ್ದ ಕೂಸಿಗೆ ಏನನ್ನಾದರೂ ನೋಡಬೇಕೆಂದರೆ ತಲೆಯೆತ್ತದೆ ಗತಿಯಿಲ್ಲ. ತಲೆಯೆತ್ತಲು ಮೊಣಕೈ ಊರಬೇಕು, ಊರಿದಂತೆಲ್ಲ ಹೆಗಲು ಬಲಿಯುತ್ತದೆ, ಒಂದು ಕೈ ಜಾರಿದರೆ ಮೈ ತಾನಾಗಿಯೇ ಹೊರಳುತ್ತದೆ. ಅಂಗಾತ ಮಲಗಿದ ಕೂಸಿಗೆ ಈ ದುಡಿಮೆಯಿಲ್ಲ. ಹಾಗೆಂದು ಅದು ಸುಮ್ಮನೆಯೂ ಇರುವುದಿಲ್ಲ. ಕಾಲು ಬಡಿಯುತ್ತದೆ, ಎರಡು ಕೈಗಳನ್ನು ಎದೆಯ ಮೇಲೆ ಕೂಡಿಸಿ ಬೆರಳುಗಳನ್ನು ನೋಡಿಕೊಳ್ಳುತ್ತದೆ, ತಾಯಿಯ ಮುಖವನ್ನು ಓದುತ್ತದೆ. ಅದೂ ಬೆಳವಣಿಗೆಯೇ. ಕುತ್ತಿಗೆಯ ಹಿಂಭಾಗಕ್ಕೂ ಹೆಗಲಿಗೂ ಸಿಗಬೇಕಾದ ವ್ಯಾಯಾಮ ಮಾತ್ರ ಅದಕ್ಕೆ ಕಡಿಮೆಯಾಗುತ್ತದೆ.

ಹಾಗಾದರೆ ಬೋರಲೇ ಮಲಗಿಸಬಾರದೇಕೆ? ಇಲ್ಲಿ ಒಂದು ದುಃಖದ ಇತಿಹಾಸವಿದೆ. ಪಾಶ್ಚಾತ್ಯ ದೇಶಗಳಲ್ಲಿ ಕೂಸುಗಳನ್ನು ಬೋರಲು ಮಲಗಿಸಿರೆಂದು ಹೇಳಿದವರು ಅಜ್ಜಿಯರಲ್ಲ, ವೈದ್ಯರೇ. ಅಂಗಾತ ಮಲಗಿದ ಕೂಸು ಹಾಲು ಕಕ್ಕಿದರೆ ಅದು ಉಸಿರುಗೊಳವೆಗೆ ಹೋಗಿ ಉಸಿರುಗಟ್ಟೀತೆಂಬುದು ಅವರ ಭಯವಾಗಿತ್ತು. ಶಿಶುಪಾಲನೆಯ ಪುಸ್ತಕದಿಂದ ಲೋಕಪ್ರಸಿದ್ಧರಾದ ಅಮೇರಿಕದ ಡಾ॥ ಬೆಂಜಮಿನ್ ಸ್ಪಾಕ್ ಅವರು ತಮ್ಮ ಪುಸ್ತಕದ ೧೯೫೮ರ ಆವೃತ್ತಿಯಲ್ಲಿ ಬೋರಲು ಮಲಗಿಸುವುದೇ ಲೇಸೆಂದು ಬರೆದರು. ಲಕ್ಷಾಂತರ ಮನೆಗಳು ಅದನ್ನು ಅನುಸರಿಸಿದವು. ಆ ದೇಶಗಳಲ್ಲಿ, ರಾತ್ರಿ ಆರೋಗ್ಯವಾಗಿ ಮಲಗಿದ ಕೂಸು ಬೆಳಗಾಗುವುದರಲ್ಲಿ ನಿಷ್ಕಾರಣವಾಗಿ ಅಸುನೀಗಿರುವ ಪ್ರಕರಣಗಳು ಬಹಳವಾಗಿದ್ದವು. ಅದನ್ನು 'ತೊಟ್ಟಿಲ ಸಾವು' ಎಂದು ಕರೆಯುತ್ತಿದ್ದರು. ಹಾಂಗ್‌ಕಾಂಗಿನಲ್ಲಿ ಅಂತಹ ಸಾವು ಅಪರೂಪವೆಂದೂ, ಅಲ್ಲಿನ ಜನ ಕೂಸುಗಳನ್ನು ಅಂಗಾತ ಮಲಗಿಸುವರೆಂದೂ ೧೯೮೫ರಲ್ಲಿ ವೈದ್ಯರೊಬ್ಬರು ಬರೆದರು. ನ್ಯೂಜಿಲೆಂಡ್, ಇಂಗ್ಲೆಂಡ್, ಹಾಲೆಂಡ್ ದೇಶಗಳ ಪರಿಶೀಲನೆಗಳೂ ಬೋರಲು ನಿದ್ರೆಯತ್ತಲೇ ಬೆರಳು ಮಾಡಿದವು. ಇಂಗ್ಲೆಂಡಿನಲ್ಲಿ ೧೯೯೧ರಲ್ಲಿ, ಅಮೇರಿಕದಲ್ಲಿ ೧೯೯೪ರಲ್ಲಿ ಕೂಸನ್ನು ಅಂಗಾತ ಮಲಗಿಸಿರೆಂಬ ರಾಷ್ಟ್ರವ್ಯಾಪಿ ಪ್ರಚಾರ ಆರಂಭವಾಯಿತು. ಅಮೇರಿಕದಲ್ಲಿ ೧೯೯೨ರಲ್ಲಿ ಹುಟ್ಟಿದ ಸಾವಿರ ಶಿಶುಗಳಿಗೆ ೧.೨ರಷ್ಟಿದ್ದ ಈ ಸಾವು ೨೦೦೧ರ ಹೊತ್ತಿಗೆ ೦.೫೬ಕ್ಕೆ ಇಳಿಯಿತು. ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ, ಕೂಸನ್ನು ತಿರುವಿ ಮಲಗಿಸಿದ್ದಷ್ಟೇ!

ಬೋರಲು ಮಲಗಿದ ಕೂಸಿಗೆ ನಿದ್ದೆ ಗಾಢವಾಗಿ ಹತ್ತುತ್ತದೆ. ಅಳುವುದು ಕಡಿಮೆ, ಬೆಚ್ಚಿಬೀಳುವುದೂ ಕಡಿಮೆ. ಹಿರಿಯರಿಗೆ ಆ ಭಂಗಿ ಮೆಚ್ಚುಗೆಯಾಗುವುದು ಇದರಿಂದಲೇ. ಆದರೆ ಅಪಾಯವೂ ಅಲ್ಲಿಯೇ ಅಡಗಿದೆ. ಮುಖ ಹಾಸಿಗೆಗೆ ಒತ್ತಿದಾಗ ಕೂಸು ತಾನು ಬಿಟ್ಟ ಉಸಿರನ್ನೇ ಮರಳಿ ಸೇದುತ್ತದೆ. ಮೈಯ ಕಾವು ಹೊರಹೋಗದೆ ಏರುತ್ತದೆ. ಇಂತಹ ಹೊತ್ತಿನಲ್ಲಿ ಎಚ್ಚೆತ್ತು ಅಳಬೇಕಾದ ಕೂಸು ಗಾಢನಿದ್ರೆಯಿಂದ ಏಳದೆ ಹೋಗುತ್ತದೆ. ಇನ್ನೊಂದು ಸಂಗತಿಯನ್ನು ಓಲೆ ಬರೆಸಿದ ತಾಯಿಯವರು ವಿಶೇಷವಾಗಿ ಗಮನಿಸಬೇಕು. ಅಂಗಾತ ಮಲಗಿ ರೂಢಿಯಾದ ಕೂಸನ್ನು ಇದ್ದಕ್ಕಿದ್ದಂತೆ ಬೋರಲು ಮಲಗಿಸಿದರೆ, ಮೊದಲಿನಿಂದ ಬೋರಲು ಮಲಗುತ್ತಿರುವ ಕೂಸಿಗಿಂತಲೂ ಅದಕ್ಕೆ ಅಪಾಯ ಹೆಚ್ಚು. ಹಾಸಿಗೆಯಲ್ಲಿ ಮುಖ ಹುದುಗಿದಾಗ ತಲೆ ಹೊರಳಿಸಿ ಬಿಡಿಸಿಕೊಳ್ಳುವ ಅಭ್ಯಾಸ ಅದಕ್ಕೆ ಇನ್ನೂ ಆಗಿರುವುದಿಲ್ಲ. ಹಿರಿಯ ಮೊಮ್ಮಗುವಿಗೆ ಏನೂ ಆಗಲಿಲ್ಲವೆಂಬ ಧೈರ್ಯ ಈ ಕೂಸಿನ ವಿಷಯದಲ್ಲಿ ಸಲ್ಲದು.

ಹಾಲು ಕಕ್ಕಿದರೆ ಏನು ಗತಿ ಎಂಬ ಹಳೆಯ ಭಯ ನಮ್ಮ ಮನೆಗಳಲ್ಲಿಯೂ ಇದೆ. ಅಂಗಾತ ಮಲಗಿದಾಗ ಉಸಿರುಗೊಳವೆ ಮೇಲುಗಡೆಗೂ ಅನ್ನನಾಳ ಅದರ ಕೆಳಗಡೆಗೂ ಬರುತ್ತವೆ. ಕಕ್ಕಿದ ಹಾಲು ಉಸಿರುಗೊಳವೆಯನ್ನು ಸೇರಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿದಾಗ ಇದು ತಿರುಗುಮುರುಗಾಗುತ್ತದೆ. ಆರೋಗ್ಯವಂತ ಕೂಸು ಕಕ್ಕಿದ್ದನ್ನು ನುಂಗುತ್ತದೆ ಇಲ್ಲವೆ ಕೆಮ್ಮಿ ಹೊರಹಾಕುತ್ತದೆ. ಮಗ್ಗುಲಾಗಿ ಮಲಗಿಸುವುದನ್ನು ಮೊದಮೊದಲು ವೈದ್ಯರು ಒಪ್ಪಿದ್ದರು. ಆದರೆ ಮಗ್ಗುಲಾದ ಕೂಸು ನಿದ್ದೆಯಲ್ಲಿ ಬೋರಲಿಗೆ ಉರುಳುವುದು ಸುಲಭವಾದ್ದರಿಂದ ಈಗ ಅದನ್ನೂ ಬೇಡವೆನ್ನುತ್ತಾರೆ. ಕೂಸು ತಾನಾಗಿಯೇ ಎರಡೂ ಕಡೆ ಹೊರಳುವುದನ್ನು ಕಲಿತ ಮೇಲೆ ಈ ಚಿಂತೆ ಬೇಕಿಲ್ಲ. ಅಂಗಾತ ಮಲಗಿಸಿರಿ, ನಿದ್ದೆಯಲ್ಲಿ ಅದೇ ಹೊರಳಿಕೊಂಡರೆ ಇರುಳೆಲ್ಲ ಎದ್ದು ತಿರುವುತ್ತ ಕೂಡಬೇಕಾಗಿಲ್ಲ.

ಇನ್ನು ಹಗಲಿನ ಮಾತು. ಬೋರಲು ಭಂಗಿಯ ಲಾಭವೆಲ್ಲ ಕೂಸಿಗೆ ಬೇಕು, ಅಪಾಯ ಬೇಡ ಎಂದಾದರೆ ಇರುವ ದಾರಿ ಒಂದೇ. ನಿದ್ದೆ ಅಂಗಾತವಾಗಿರಲಿ, ಎಚ್ಚರದಲ್ಲಿನ ಆಟ ಬೋರಲಾಗಿರಲಿ, ಹತ್ತಿರದಲ್ಲಿ ಒಬ್ಬರು ಕಣ್ಣಿಟ್ಟಿರಲಿ. ಇದು ನಮಗೆ ಹೊಸದೇನಲ್ಲ. ಬಾಣಂತಿಯ ಮನೆಯಲ್ಲಿ ಎರೆಯುವ ಹಿರಿಯಳು ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲುಗಳ ಮೇಲೆ ಬೋರಲು ಹಾಕಿಕೊಂಡು, ಬೆನ್ನಿಗೆ ಎಣ್ಣೆ ತಿಕ್ಕುವುದನ್ನು ನೋಡದವರು ಯಾರು? ಆ ಹೊತ್ತಿನಲ್ಲಿ ಕೂಸು ಕತ್ತೆತ್ತಿ ಅತ್ತಿತ್ತ ನೋಡುತ್ತದೆ. ಇಂದು ವೈದ್ಯರು ಹೇಳುತ್ತಿರುವ ವ್ಯಾಯಾಮ ಅದೇ. ಅದು ದಿನಕ್ಕೊಮ್ಮೆ ನಾಲ್ಕಾರು ನಿಮಿಷಗಳಲ್ಲಿ ಮುಗಿದುಹೋಗುತ್ತಿತ್ತು. ಈಗ ಅದನ್ನು ಹೆಚ್ಚಿಸಬೇಕಾಗಿದೆ, ಅಷ್ಟೆ.

ಹುಟ್ಟಿ ಮನೆಗೆ ಬಂದ ಕೆಲವೇ ದಿನಗಳಿಂದ ಇದನ್ನು ಆರಂಭಿಸಬಹುದು. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಮೂರರಿಂದ ಐದು ನಿಮಿಷ. ಏಳು ವಾರಗಳ ಹೊತ್ತಿಗೆ ದಿನದಲ್ಲಿ ಒಟ್ಟು ಹದಿನೈದರಿಂದ ಮೂವತ್ತು ನಿಮಿಷಗಳಾಗಲಿ ಎಂಬುದು ಅಮೇರಿಕದ ಶಿಶುತಜ್ಞರ ಸಲಹೆ. ಇನ್ನೂ ತೆವಳಲಾರದ ಶಿಶುಗಳಿಗೆ ದಿನವಿಡೀ ಹಂಚಿದಂತೆ ಕಡಿಮೆಯೆಂದರೂ ಮೂವತ್ತು ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ತಿಳಿಸಿದೆ. ಹಾಲು ಕುಡಿಸಿದ ಕೂಡಲೇ ಬೇಡ. ನೆಲದ ಮೇಲೆ ಚಾಪೆ ಹಾಸಿ ಅದರ ಮೇಲೆ ಒಂದು ಕೌದಿ ಹಾಸಿದರೆ ಸಾಕು; ಮೆತ್ತನೆಯ ಗಾದಿ ಇದಕ್ಕೆ ಒದಗದು, ಊರಿದ ಕೈ ಅದರಲ್ಲಿ ಹುದುಗಿಹೋಗುತ್ತದೆ. ಮೊದಮೊದಲು ಕೂಸು ಅಳುವುದು ಸಹಜ. ಆಗ ತಾಯಿ ತಾನು ಒರಗಿಕೊಂಡು ಎದೆಯ ಮೇಲೆಯೇ ಬೋರಲು ಹಾಕಿಕೊಳ್ಳಲಿ. ತಾಯಿಯ ಮುಖ ನೋಡಬೇಕೆಂಬ ಆಸೆಗೇ ಅದು ತಲೆಯೆತ್ತುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಮೆತ್ತನೆಯ ಬಟ್ಟೆಯನ್ನು ಸುರುಳಿ ಸುತ್ತಿ ಎದೆಯ ಕೆಳಗೆ ಇಡಬಹುದು. ಎದುರಿಗೆ ಅಣ್ಣನೋ ಅಕ್ಕನೋ ಬೋರಲು ಮಲಗಿ ಗಿಲಕಿ ಆಡಿಸಿದರೆ ಅದಕ್ಕಿಂತ ದೊಡ್ಡ ಆಕರ್ಷಣೆ ಕೂಸಿಗೆ ಬೇರೆಯಿಲ್ಲ. ತೂಕಡಿಸಿತೆಂದರೆ ಆ ಕ್ಷಣವೇ ಅಂಗಾತ ಮಾಡಬೇಕು. ಗದಗ ಜಿಲ್ಲೆಯ ಆ ಅಜ್ಜಿಗೆ ನನ್ನ ವಿನಂತಿ ಇಷ್ಟೆ: ಸೊಸೆ ಮನೆಗೆಲಸದಲ್ಲಿದ್ದಾಗ ಈ ಹಗಲಿನ ಆಟವನ್ನು ತಾವೇ ವಹಿಸಿಕೊಳ್ಳಿರಿ. ಕದ್ದು ಮಾಡಬೇಕಾದದ್ದು ಇದರಲ್ಲಿ ಏನೂ ಇಲ್ಲ. ಐದೂವರೆ ತಿಂಗಳಿಗೆ ಮಗುಚದಿರುವುದು ರೋಗವಲ್ಲ. ಇನ್ನೂ ಒಂದು ತಿಂಗಳು ನೋಡಬಹುದು.

ತೊಟ್ಟಿಲಿನ ವಿಷಯದಲ್ಲಿಯೂ ಎರಡು ಮಾತು ಅವಶ್ಯ. ಮಟ್ಟಸವಾದ, ಗಟ್ಟಿ ಹಾಸಿನ ತೊಟ್ಟಿಲು ಒಳ್ಳೆಯದು. ಸೀರೆಯ ಜೋಲಿಯಲ್ಲಿ ಮೈ ಬಾಗಿ, ಗದ್ದ ಎದೆಗೆ ತಾಗಿ, ಉಸಿರಾಟಕ್ಕೆ ತೊಡಕಾಗಬಹುದು. ಇರುಳ ನಿದ್ದೆಗೆ ಅದು ತಕ್ಕುದಲ್ಲ. ಅಲ್ಲದೆ ಜೋಲಿಯಲ್ಲಿ ದಿನವಿಡೀ ತೂಗಿಸಿಕೊಂಡ ಕೂಸಿಗೆ ಹೊರಳಲು ಎಡೆಯೆಲ್ಲಿ? ತೊಟ್ಟಿಲಲ್ಲಿ ದಿಂಬು, ದಪ್ಪ ಕೌದಿ, ಬಟ್ಟೆಯ ಗಂಟು ಇರಬಾರದು. ಬೇಸಿಗೆಯಲ್ಲಿಯೂ ಕುಲಾವಿ ಕಟ್ಟಿ, ಮೇಲೆ ಹೊದೆಸಿ, ಕೂಸನ್ನು ಬೇಯಿಸುವ ನಮ್ಮ ಅಕ್ಕರೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು. ಅಂಗಾತ ಮಲಗಿಸಿದರೆ ತಲೆಯ ಹಿಂಭಾಗ ಚಪ್ಪಟೆಯಾಗುತ್ತದೆಂದು ಸಾಸಿವೆಯನ್ನೋ ರಾಗಿಯನ್ನೋ ತುಂಬಿದ ಪುಟ್ಟ ದಿಂಬನ್ನು ಕೊಡುವವರಿದ್ದಾರೆ. ಅಂಗಾತ ನಿದ್ರೆಯ ರೂಢಿ ಬಂದ ಮೇಲೆ ಪಾಶ್ಚಾತ್ಯ ದೇಶಗಳಲ್ಲಿ ಚಪ್ಪಟೆ ತಲೆಯ ಶಿಶುಗಳು ಹೆಚ್ಚಿದ್ದು ನಿಜ. ಅದಕ್ಕೂ ಮದ್ದು ದಿಂಬಲ್ಲ, ಹಗಲಿನ ಬೋರಲು ಆಟವೇ. ತೊಟ್ಟಿಲಲ್ಲಿ ಕೂಸಿನ ತಲೆಯ ದಿಕ್ಕನ್ನು ಆಗಾಗ ಬದಲಿಸಿರಿ. ಬೆಳಕೂ ತಾಯಿಯ ದನಿಯೂ ಬೇರೆ ಕಡೆಯಿಂದ ಬಂದಾಗ ಅದು ಇನ್ನೊಂದು ಮಗ್ಗುಲಿಗೆ ಕತ್ತು ಹೊರಳಿಸುತ್ತದೆ.

ನಮ್ಮ ಸಮಾಜದ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಂಗತಿಯಿದೆ. ಲಿಂಗಧಾರಣೆಯಾದ ಹಸುಗೂಸಿನ ಕೊರಳಲ್ಲಿ ನಿದ್ದೆಯ ಹೊತ್ತಿಗೆ ಶಿವದಾರ ಇರಕೂಡದು. ದೃಷ್ಟಿದಾರಕ್ಕೂ ಸರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೊರಳಾಡಲು ಕಲಿತ ಕೂಸಿನ ಕೊರಳಿಗೆ ದಾರ ಬಿಗಿದುಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ಲಿಂಗ ಅಂಗದಿಂದ ಅಗಲಬಾರದೆಂಬ ನಿಷ್ಠೆಯ ಮನೆಗಳಲ್ಲಿ ಇದು ಸೂಕ್ಷ್ಮವಾದ ಮಾತೆಂದು ಬಲ್ಲೆ. ಕೂಸು ದೊಡ್ಡದಾಗುವವರೆಗೆ ಇಷ್ಟಲಿಂಗವನ್ನು ತಾಯಿಯೇ ಕಾಪಾಡಿಕೊಳ್ಳಬಹುದೇ, ಬೇರೆ ಯಾವ ಕ್ರಮ ಉಚಿತ ಎಂಬುದನ್ನು ನಿಮ್ಮ ಗುರುಗಳಲ್ಲಿ ಕೇಳಿ ತಿಳಿಯಿರಿ. ಕೂಸಿನ ಉಸಿರಿಗೆ ತೊಡಕಾಗುವ ಕ್ರಮವನ್ನು ಯಾವ ಗುರುವೂ ವಿಧಿಸಲಾರರು.

ಯಾವ ಕೂಸು ಯಾವ ತಿಂಗಳಿಗೆ ಏನು ಮಾಡಬೇಕೆಂಬ ಪ್ರಶ್ನೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಓಮಾನ್, ಅಮೇರಿಕ ಈ ಐದು ದೇಶಗಳ ೮೧೬ ಆರೋಗ್ಯವಂತ ಮಕ್ಕಳನ್ನು ಪರಿಶೀಲಿಸಿ ೨೦೦೬ರಲ್ಲಿ ಒಂದು ಅಳತೆಯನ್ನು ಪ್ರಕಟಿಸಿತು. ಆಸರೆಯಿಲ್ಲದೆ ಕೂಡುವುದು ೩.೮ ತಿಂಗಳಿಂದ ೯.೨ ತಿಂಗಳೊಳಗೆ, ಅಂಬೆಗಾಲು ೫.೨ರಿಂದ ೧೩.೫ರೊಳಗೆ, ಯಾರ ಆಸರೆಯೂ ಇಲ್ಲದೆ ನಡೆಯುವುದು ೮.೨ರಿಂದ ೧೭.೬ರೊಳಗೆ. ಈ ಅವಧಿಗಳು ಎಷ್ಟು ವಿಶಾಲವಾಗಿವೆ ನೋಡಿರಿ! ಒಂದು ಕೂಸು ಒಂಬತ್ತನೆಯ ತಿಂಗಳಿಗೆ ನಡೆದು, ಪಕ್ಕದ ಮನೆಯ ಕೂಸು ಹದಿನೇಳನೆಯ ತಿಂಗಳಿಗೆ ನಡೆದರೆ ಎರಡೂ ಸರಿಯಾದ ಕೂಸುಗಳೇ. ನೂರರಲ್ಲಿ ನಾಲ್ಕು ಶಿಶುಗಳಂತೂ ಅಂಬೆಗಾಲೇ ಇಕ್ಕದೆ ನಡೆದುಬಿಟ್ಟವು. ಕೆನಡದ ಆಲ್ಬರ್ಟ ಪ್ರಾಂತದಲ್ಲಿ ಶಿಶುಗಳ ಚಲನೆಯನ್ನು ಅಳೆಯಲು ಮಾಡಿದ್ದ ಪಟ್ಟಿಯನ್ನು ಇಪ್ಪತ್ತು ವರ್ಷಗಳ ಬಳಿಕ ಹೊಸ ಪೀಳಿಗೆಯ ಶಿಶುಗಳ ಮೇಲೆ ಮತ್ತೆ ಒರೆಹಚ್ಚಿ ನೋಡಿದರು. ಈ ನಡುವೆ ಅಂಗಾತ ನಿದ್ರೆಯೇ ರೂಢಿಯಾಗಿದ್ದರೂ ಕಲಿಯುವ ಕ್ರಮವೂ ವಯಸ್ಸೂ ಹೆಚ್ಚುಕಡಿಮೆ ಹಾಗೆಯೇ ಉಳಿದಿದ್ದವು. ಈ ಫಲಿತಾಂಶ ೨೦೧೪ರಲ್ಲಿ ಪ್ರಕಟವಾಯಿತು. ಓರಗಿತ್ತಿಯರ ಮಕ್ಕಳನ್ನು ಒಂದು ತಕ್ಕಡಿಯಲ್ಲಿ ಇಟ್ಟು ತೂಗುವ ಅಭ್ಯಾಸಕ್ಕೆ ಇದರಿಂದಲಾದರೂ ಬಿಡುವು ಸಿಗಲಿ.

ಕೂಸು ಬೇಗ ನಡೆಯಲೆಂದು ಪೇಟೆಯಿಂದ ವಾಕರ್ ತರುವ ಅಜ್ಜಂದಿರೂ ಇದ್ದಾರೆ. ಒಳಗೆ ಕೂರಿಸಿ ಕಾಲಿನಿಂದ ತಳ್ಳಿಸುವ ಈ ಗಾಲಿಯ ಕುರ್ಚಿ ನಡೆಯುವುದನ್ನು ಬೇಗ ಕಲಿಸದು, ತಡವಾಗಿಸುವುದೂ ಉಂಟು. ಮೆಟ್ಟಿಲಿನಿಂದ ಉರುಳಿ ಪೆಟ್ಟಾಗುವುದೆಂದು ಕೆನಡ ದೇಶ ೨೦೦೪ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಮರದ ಮೂರುಗಾಲಿಯ ಬಂಡಿ ಹಾಗಲ್ಲ. ಅದನ್ನು ಹಿಡಿದು ನೂಕುವ ಕೂಸು ತನ್ನ ಭಾರವನ್ನು ತಾನೇ ಹೊತ್ತು ನಿಂತಿರುತ್ತದೆ. ಹಿಡಿದು ನಿಲ್ಲಲು ಕಲಿತ ಮೇಲೆ, ಯಾರಾದರೂ ಜೊತೆಗಿದ್ದರೆ, ಅದು ಒಳ್ಳೆಯ ಆಟಿಕೆ.

ತಡವೆಂದರೆಲ್ಲ ಸಹಜವೆಂದು ಸುಮ್ಮನೆ ಕೂಡುವುದೂ ತಪ್ಪು. ನಾಲ್ಕು ತಿಂಗಳು ತುಂಬಿದರೂ ಕುತ್ತಿಗೆ ನಿಲ್ಲದಿದ್ದರೆ, ಏಳು ತಿಂಗಳಾದರೂ ಯಾವ ಕಡೆಗೂ ಹೊರಳದಿದ್ದರೆ, ಒಂಬತ್ತು ತಿಂಗಳು ಕಳೆದರೂ ಕೂಡದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಶಿಶುತಜ್ಞರಿಗೆ ತೋರಿಸಲೇಬೇಕು. ವಯಸ್ಸು ಯಾವುದೇ ಇರಲಿ, ಕೂಸು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟುಕೊಂಡರೆ, ಮೈ ಬಟ್ಟೆಯಂತೆ ಜೋತುಬಿದ್ದರೆ ಅಥವಾ ಕೊರಡಿನಂತೆ ಸೆಟೆದರೆ, ಕಲಿತದ್ದನ್ನು ಮರೆಯತೊಡಗಿದರೆ ತಡಮಾಡದೆ ಹೋಗಿರಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ್ದರೆ ಅದರ ವಯಸ್ಸಿನಿಂದ ಎರಡು ತಿಂಗಳು ಕಳೆದು ಎಣಿಸಬೇಕು. ಎಂಟು ತಿಂಗಳಿನ ಅಂತಹ ಕೂಸನ್ನು ಆರು ತಿಂಗಳಿನದೆಂದೇ ತಿಳಿಯಬೇಕು. ವೈದ್ಯರ ಬಳಿಗೆ ಹೋಗುವಾಗ ಹುಟ್ಟಿದ ದಿನ, ಹೆರಿಗೆಯ ನಿರೀಕ್ಷಿತ ದಿನ, ಹುಟ್ಟಿದಾಗಿನ ತೂಕ ಇವು ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರ ಕೆಲಸ ಅರ್ಧ ಹಗುರವಾಗುತ್ತದೆ.